ಅಮಲಿಯನ್ನು ಕೇಳಬಾರದ ಮಾತು

ತೂತುಕುಡಿ
ಜನವರಿ 6, 2014

ಸೊಸೆ ವಿನೋಲಿಯಾಳಿಗೆ,

ಅತ್ತೆ ಯಾಕೆ ಕಾಗದ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನೀನು ಮಾತಾಡಿದರೆ ನನ್ನ ಕಿವಿಗೆ ಕೊಡದೊಳಗೆ ಜೇನುಹುಳ ಹೊಕ್ಕ ಹಾಗೆ ಕೇಳುತ್ತದೆ. ಹೂಂ ಹೂಂ ಎಂದು ಇಟ್ಟುಬಿಡುತ್ತೇನೆ. ಕಾಗದದಲ್ಲಾದರೆ ಪೂರ್ತಿ ಜಗಳ ಆಡಬಹುದು.

ಕ್ರಿಸ್ಮಸ್ಸಿಗೆಂದು ಬಂದವಳು ಹೊಸ ವರ್ಷದ ಪೂಜೆಗೂ ನಿಲ್ಲದೆ ಹೊರಟುಹೋದೆ. ಆಸ್ಪತ್ರೆಯಿಂದ ಮನೆಗೆ ಬರುತ್ತೀರಿ ಎಂದು ನಾನು ಬಾಗಿಲಲ್ಲೇ ಕೂತಿದ್ದರೆ, ನೀನು ಮಗುವನ್ನೆತ್ತಿಕೊಂಡು ಮದುರೈ ಬಸ್ಸು ಹತ್ತಿದ್ದೀಯ. ಅಂಥದ್ದೇನು ಮಾಡಿದೆವು ನಾವು? ಏಳು ವರ್ಷದ ಕೂಸು ಹೊಸ ಫ್ರಾಕು ಹಾಕಿಕೊಂಡು ಬೀದಿಯಲ್ಲಿ ಓಡಾಡಿತು. ಕಂಡವರು "ಊಟ ಆಯ್ತಾ ಕಂದಾ?" ಎಂದು ಕೇಳಿದರು. ಅದು "ಇಲ್ಲ" ಅಂದಿತು. ಇಲ್ಲ ಅಂದ ಮಗುವಿಗೆ ತಿನ್ನಲು ಕೊಡದಿರಲು ಈ ಬೀದಿಯವರು ಮೀನುಗಾರರೋ ಪೊಲೀಸರೋ? ಒಬ್ಬೊಬ್ಬರೂ ಒಂದೊಂದು ತುತ್ತು ಕೊಟ್ಟಿದ್ದಾರೆ. ಬೇಕರಿಯವನು ಗೋಡಂಬಿಯ ಮಕರೂನು ಕೊಟ್ಟಿದ್ದಾನೆ. ಸಂಜೆಗೆ ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿತು ನಿಜ. ಆದರೂ ಮಗು ನಗುತ್ತಲೇ ಇತ್ತು, ಅಳಲಿಲ್ಲ. ನೀನೇ ಗಾಬರಿಯಾಗಿ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆ.

ಈಗ ಎದುರುಮನೆ ರೋಸ್ಲಿನ್ ನನ್ನ ಕೇಳುತ್ತಾಳೆ, "ಏನೇ ಲೂರ್ದು, ನಿನ್ನ ಸೊಸೆ ಮಗೀಗೆ ಹೊಟ್ಟೆಗೇ ಹಾಕಲ್ವಂತೆ?" ಬೆಳಿಗ್ಗೆ ನನ್ನ ಕೈಯಾರೆ ಇಡ್ಲಿ ತಿನ್ನಿಸಿ ಕಳಿಸಿದ್ದೇನೆ. ಆಮೇಲೂ ಅಮಲಿ ಇಲ್ಲ ಎಂದಳಲ್ಲ, ಅವಳಿಗೆ ಸುಳ್ಳು ಹೇಳುವುದನ್ನು ಯಾರು ಕಲಿಸಿದರು?

ಮಗ ಕ್ಲೀಟಸನಿಗೆ ನಾನು ಏನೂ ಹೇಳಿಲ್ಲ. ಹಡಗಿನಲ್ಲಿರುವವನ ತಲೆಗೆ ಮನೆಯ ಜಗಳ ಬೇಡ.

ಕೋಪದಲ್ಲೇ,
ನಿನ್ನ ಅತ್ತೆ ಲೂರ್ದಮ್ಮಾಳ್


ಮದುರೈ
ಜನವರಿ 19

ಪ್ರೀತಿಯ ಅತ್ತೆಗೆ,

ಅಮಲಿ ಸುಳ್ಳು ಹೇಳಲಿಲ್ಲ.

ಯಾರಾದರೂ ಊಟ ಆಯ್ತಾ ಎಂದರೆ ನಾವೆಲ್ಲ ಆಯ್ತು ಎನ್ನುತ್ತೇವೆ, ಉಪವಾಸ ಇದ್ದರೂ. ಅದು ಪ್ರಶ್ನೆಯಲ್ಲ, ಮುಖ ನೋಡಿದ ಸಂತೋಷ. ಅಮಲಿಗೆ ಅದು ಪ್ರಶ್ನೆಯಾಗಿಯೇ ಕೇಳಿಸುತ್ತದೆ. ಅವಳು ತನ್ನ ಹೊಟ್ಟೆಯನ್ನು ಕೇಳಿ, ಅದು ಹೇಳಿದ ನಿಜವನ್ನೇ ಹೇಳುತ್ತಾಳೆ. ಇಡ್ಲಿ ತಿಂದ ಮರುಗಳಿಗೆಯಲ್ಲೂ ಅವಳ ಹೊಟ್ಟೆ ಇಲ್ಲ ಎಂದೇ ಹೇಳುತ್ತದೆ.

ಇದಕ್ಕೊಂದು ಹೆಸರಿದೆ, ಪ್ರಾಡರ್-ವಿಲ್ಲಿ ಅಂತ. ನಮ್ಮೆಲ್ಲರ ಮೈಯ ಕಣಕಣದಲ್ಲೂ ವರ್ಣತಂತುಗಳ ಜೋಡಿಗಳಿರುತ್ತವೆ. ಹದಿನೈದನೆಯ ಜೋಡಿಯ ಒಂದೆಳೆಯಲ್ಲಿ ಅಮಲಿಗೆ ಒಂದು ಚೂರು ಇಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರು. 'ಸಾಕು' ಎಂದು ನಮಗೆಲ್ಲ ತಲೆಯೊಳಗೆ ಒಂದು ಗಂಟೆ ಬಾರಿಸುತ್ತದಲ್ಲ, ಅವಳಿಗೆ ಅದು ಬಾರಿಸುವುದೇ ಇಲ್ಲ. ಇಂಥ ಮಕ್ಕಳಿಗೆ ವಾಂತಿಯೂ ಸುಲಭಕ್ಕೆ ಬರದು, ನೋವೂ ಬೇಗ ತಿಳಿಯದು. ಹೊಟ್ಟೆ ಹಿಗ್ಗಿ ಒಳಗೇ ಹರಿದುಹೋದರೂ ನಗುತ್ತಿರಬಹುದು. ಆ ಸಂಜೆ ಅವಳು ನಗುತ್ತಿದ್ದಳು ಎಂದಿರಿ. ನಾನು ಆಸ್ಪತ್ರೆಗೆ ಓಡಿದ್ದು ಆ ನಗು ನೋಡಿಯೇ.

ಅವಳಿಗೆ ಒಂದೂವರೆ ವರ್ಷವಾದಾಗಲೇ ನಮಗೆ ಗೊತ್ತಾಗಿತ್ತು. "ಅಮ್ಮನಿಗೆ ಹೇಳಬೇಡ, ಹೆದರ್ತಾಳೆ" ಎಂದರು ನಿಮ್ಮ ಮಗ. ನೀವು ಹೆದರುವವರಲ್ಲ ಎಂಬುದು ಅವರಿಗಿನ್ನೂ ತಿಳಿದಿಲ್ಲ. ಇಷ್ಟು ವರ್ಷ ಚಿಕ್ಕವಳು, ಕೈಹಿಡಿದೇ ಓಡಾಡಿಸುತ್ತಿದ್ದೆ. ಈಗ ಅವಳಿಗೆ ಕಾಲು ಬಂದಿದೆ.

ಇಲ್ಲಿ ನಮ್ಮ ಅಡುಗೆಮನೆಗೆ ಬೀಗ, ಫ್ರಿಜ್ಜಿಗೆ ಬೀಗ. ಊಟ ಯಾವಾಗ ಬರುತ್ತದೆಂದು ಅವಳಿಗೆ ಮೊದಲೇ ಗೊತ್ತಿರಬೇಕು, ಅದರ ಮೇಲೆ ಒಂದು ತುತ್ತೂ ಬರುವುದಿಲ್ಲ ಎಂಬುದೂ ಗೊತ್ತಿರಬೇಕು. ಡಾಕ್ಟರು ಹೇಳುವುದು ಒಂದೇ ಮಾತು: ಹಸಿವಿಗಿಂತ ಆಸೆ ಅವಳನ್ನು ಹೆಚ್ಚು ಸುಡುತ್ತದೆ, ಆಸೆ ಹುಟ್ಟಿಸಬೇಡಿ.

ನಿಮ್ಮ,
ವಿನೋ


ತೂತುಕುಡಿ
ಫೆಬ್ರವರಿ 2

ವಿನೋ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಒಂದು ಮಾತು ಕೇಳುತ್ತೇನೆ, ಮುಚ್ಚಿಡದೆ ಹೇಳು. ಆ ಚೂರು ಯಾರ ಕಡೆಯದು?

ಇನ್ನೊಂದು. ಅಮಲಿ ಹುಟ್ಟಿದಾಗ ನಿನಗೆ ನೆನಪಿದೆಯಲ್ಲ, ಒದ್ದೆ ಬಟ್ಟೆಯ ಹಾಗೆ ಕೈಯಲ್ಲಿ ಜೋಲುತ್ತಿತ್ತು. ಮೊಲೆ ಚೀಪಲಿಲ್ಲ, ಅಳಲಿಲ್ಲ. ಮೂಗಿನ ನಳಿಕೆ ತೆಗೆದ ಮೇಲೆ ನೀನೂ ನಾನೂ ಸರದಿಯ ಮೇಲೆ ಒಳಲೆಯಲ್ಲಿ ಹನಿಹನಿಯಾಗಿ ಹಾಲು ಬಿಟ್ಟೆವು. ಆಗ ನಾನು ನಮ್ಮ ಹಿಮಮಾತೆಯ ಇಗರ್ಜಿಯಲ್ಲಿ ಬಾಗಿಲಿನಿಂದ ಪೀಠದವರೆಗೆ ಮೊಣಕಾಲಲ್ಲಿ ಹೋಗಿ, ತಾಯೀ, ಈ ಕೂಸಿಗೆ ಹಸಿವು ಕೊಡು ಎಂದು ಕೇಳಿಕೊಂಡಿದ್ದೆ.

ಕೊಟ್ಟಳು. ಎಷ್ಟು ಎಂದು ನಾನು ಹೇಳಿರಲಿಲ್ಲ.

ಲೂರ್ದಮ್ಮಾಳ್


ಮದುರೈ
ಏಪ್ರಿಲ್ 10

ಪ್ರೀತಿಯ ಅತ್ತೆಗೆ,

ಉತ್ತರ ತಡವಾಯಿತು. ನಾನು ಪಾಠ ಮಾಡುವ ಶಾಲೆಯ ಪರೀಕ್ಷೆಗಳು, ಅಮಲಿಯ ಬೆನ್ನಿನ ಎಕ್ಸ್‌ರೇ, ಹೀಗೇ.

ನಿಮ್ಮ ಪ್ರಾರ್ಥನೆಗೂ ಅವಳ ಹಸಿವಿಗೂ ಸಂಬಂಧವಿಲ್ಲ. ಇಂಥ ಮಕ್ಕಳು ಹುಟ್ಟಿದಾಗ ಎಲ್ಲರೂ ಹಾಗೇ ಜೋಲುತ್ತಾರೆ, ಆಮೇಲೆ ಎಲ್ಲರೂ ಹೀಗೇ ಹಸಿಯುತ್ತಾರೆ. ನೀವು ಮೊಣಕಾಲೂರುವ ಮೊದಲೇ, ಅವಳು ನನ್ನ ಹೊಟ್ಟೆಯಲ್ಲಿ ಒಂದು ಚುಕ್ಕೆಯಾಗುವ ಮೊದಲೇ ಆ ಚೂರು ಬಿದ್ದುಹೋಗಿತ್ತು. ಅದು ಬಿದ್ದದ್ದು ಅವಳಪ್ಪ ಕೊಟ್ಟ ಎಳೆಯಿಂದ. ನೀವು ಕೇಳಿದಿರಿ ಎಂದು ಹೇಳಿದೆ. ಆದರೆ ಅದು ಕ್ಲೀಟಸ್ ಅವರ ರಕ್ತದ್ದೂ ಅಲ್ಲ, ನಿಮ್ಮ ಮನೆತನದ್ದೂ ಅಲ್ಲ. ಬಲೆ ಹೆಣೆಯುವಾಗ ಎಷ್ಟು ಪಳಗಿದ ಕೈಯಿಂದಲೂ ಒಂದು ಕಣ್ಣು ತಪ್ಪುತ್ತದಲ್ಲ, ಹಾಗೆ. ಯಾರನ್ನು ಬಯ್ಯುತ್ತೀರಿ?

ನನ್ನ ವಿಷಯ ಒಂದಿದೆ. ಗರ್ಭಕೋಶ ತೆಗೆಯಬೇಕೆಂದು ಹೇಳಿದ್ದಾರೆ. ಹೆದರುವಂಥದ್ದಲ್ಲ, ಗಡ್ಡೆಗಳು ಸಾಧಾರಣದವು. ಅಕ್ಟೋಬರಿನ ಮಳೆಗಾಲದವರೆಗೆ ಮುಂದೂಡಬಹುದೇ ಎಂದು ಕೇಳಿದೆ, ರಕ್ತ ಹೋಗುವುದು ನೋಡಿ ಜೂನಿನಲ್ಲೇ ಆಗಲಿ ಎಂದರು. ಆಮೇಲೆ ಕೆಲವು ವಾರ ಭಾರ ಎತ್ತಬಾರದು. ಹಟ ಹಿಡಿದಾಗ ಅಮಲಿಯನ್ನು ಎತ್ತದೆ ಆಗುವುದಿಲ್ಲ. ನಿಮ್ಮ ಮಗನ ಹಡಗು ದಡ ಸೇರುವುದು ಸೆಪ್ಟೆಂಬರಿಗೆ. ಅವಳಿಗೆಂದು ಇಲ್ಲಿ ಒಂದು ಹಾಸ್ಟೆಲ್ ನೋಡಿ ಬಂದೆ. ಅಡುಗೆಮನೆಗೆ ಬಾಗಿಲೇ ಇರಲಿಲ್ಲ.

ನಿಮ್ಮ,
ವಿನೋ


ತೂತುಕುಡಿ
ಏಪ್ರಿಲ್ 16

ಮಗಳೇ,

ಎಲ್ಲ ಬರೆದು, ಬರೆಯಬೇಕಾದ್ದನ್ನು ಮಾತ್ರ ಬರೆಯಲಿಲ್ಲ ನೀನು. ಅದನ್ನು ನಾನೇ ಬರೆಯುತ್ತೇನೆ. ಮಗುವನ್ನು ನನ್ನ ಹತ್ತಿರ ಬಿಡು.

ಬೀಗ ಹಾಕಿಸುತ್ತೇನೆ. ಕೀಲಿ ಜಪಮಾಲೆಯ ಜೊತೆ ಕೊರಳಲ್ಲಿರುತ್ತದೆ. ಬೆಳವಣಿಗೆಗೆಂದು ನೀನು ಅವಳಿಗೆ ರಾತ್ರಿ ಹಾಕುವ ಸೂಜಿಯನ್ನು ಧರ್ಮಾಸ್ಪತ್ರೆಯ ಸಿಸ್ಟರ್ ಹತ್ತಿರ ಕಲಿಯುತ್ತೇನೆ. ಕಿವಿ ಮಂದ, ಕೈ ಮಂದವಲ್ಲ.

ಅತ್ತೆ


ಮದುರೈ
ಏಪ್ರಿಲ್ 27

ಪ್ರೀತಿಯ ಅತ್ತೆಗೆ,

ನಿಮ್ಮ ಮೇಲೆ ನನಗೆ ನಂಬಿಕೆಯಿದೆ. ಬೀಗದ ಮೇಲೂ ಇದೆ. ನಾನು ಹೆದರುವುದು ನಿಮ್ಮ ಬೀದಿಗೆ.

ಅಲ್ಲಿಯವರು ಕೆಟ್ಟವರು ಎಂದಲ್ಲ. ಅಷ್ಟು ಒಳ್ಳೆಯವರು ಎಂಬುದೇ ಕಷ್ಟ. ಗುಡಿಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಬಾಯಿ ಅವಳನ್ನು ಊಟ ಆಯ್ತಾ ಎಂದು ಕೇಳುತ್ತವೆ! ಯಾರೂ ಏನೂ ಕೊಡದಿದ್ದರೂ ಸರಿಯೇ, ಆ ಮಾತು ಒಂದೇ ಸಾಕು. ಅವಳ ಪಾಲಿಗೆ ಅದು ಒಂದು ಬಾಗಿಲು ತೆರೆದ ಸದ್ದು. ಪ್ರತಿ ಸಲ ಬಾಗಿಲು ತೆರೆದು, ಪ್ರತಿ ಸಲ ಮುಖದ ಮೇಲೆ ಮುಚ್ಚಿದರೆ ಆ ಮಗು ಏನಾಗಬೇಕು?

ಬೀದಿಯ ನಾಲಗೆಗೆ ಬೀಗ ಹಾಕಲಾಗುವುದಿಲ್ಲ. ಆಪರೇಷನ್ ಮುಂದೂಡುತ್ತೇನೆ, ಕ್ಲೀಟಸ್ ಬರಲಿ.

ವಿನೋ


ತೂತುಕುಡಿ
ಮೇ 14

ವಿನೋ,

ಮುಂದೂಡಿದರೆ ನಾನೇ ಮದುರೈಗೆ ಬಂದು ಆ ಡಾಕ್ಟರ ಬಾಗಿಲಲ್ಲಿ ಕೂರುತ್ತೇನೆ. ಸುಮ್ಮನೆ ಓದು.

ಭಾನುವಾರ ಪೂಜೆ ಬಿಟ್ಟ ಮೇಲೆ ನಲ್ಲಿಯ ಹತ್ತಿರ ಎಲ್ಲರನ್ನೂ ನಿಲ್ಲಿಸಿಕೊಂಡೆ. ನೀನು ಬರೆದದ್ದನ್ನೆಲ್ಲ ಹೇಳಿದೆ, ಚೂರಿನ ವಿಷಯ, ಗಂಟೆಯ ವಿಷಯ. ಹೇಳಿ, "ನನ್ನ ಮೊಮ್ಮಗಳನ್ನ ಯಾರೂ ಊಟ ಆಯ್ತಾ ಅಂತ ಕೇಳಕೂಡದು" ಅಂದೆ.

ತಕ್ಷಣ ರೋಸ್ಲಿನ್ ಶುರುಮಾಡಿದಳು. "ಅದನ್ನೂ ಕೇಳ್ದೆ ಇರೋಕೆ ನಾವೇನು ಮದ್ರಾಸಿನೋರಾ? ನಾನು ಕೇಳ್ತೀನಿ, ಆದ್ರೆ ಕೊಡಲ್ಲ. ಆಯ್ತಾ?"

"ಕೇಳಿ ಕೊಡದೆ ಇರೋದು ಇನ್ನೂ ಪಾಪ ಕಣೇ."

"ಹಂಗಾದ್ರೆ ಮಗು ಎದುರಿಗೆ ಬಂದ್ರೆ ಬಾಯಿಗೆ ಹೊಲಿಗೆ ಹಾಕ್ಕೊಂಡು ನಿಂತ್ಕೋಬೇಕಾ?"

"ನಿನ್ನ ಬಾಯಿ ಹೊಲಿಯೋಕೆ ಬಲೆ ಹೆಣೆಯೋ ದಾರಾನೂ ಸಾಲಲ್ಲ" ಅಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಅವಳು ಕೇಳಿದ್ದು ಸರಿಯೇ. ಎದುರಿಗೆ ಬಂದ ಕೂಸನ್ನು ಮಾತಾಡಿಸದೆ ಹೋಗುವುದು ಹೇಗೆ? ಆ ಮಾತು ತೆಗೆದರೆ ಅದರ ಜಾಗಕ್ಕೆ ಏನಾದರೂ ಇಡಬೇಕಲ್ಲ. ಒಬ್ಬರು 'ಸ್ತೋತ್ರ' ಎನ್ನೋಣ ಎಂದರು. "ಮೀನಿನ ಬುಟ್ಟಿ ಹೊತ್ಕೊಂಡು ದಿನಕ್ಕೆ ನೂರು ಸಲ ಸ್ತೋತ್ರ ಹೇಳೋಕೆ ನಾನೇನು ಕನ್ಯಾಸ್ತ್ರೀನಾ?" ಎಂದಳು ರೋಸ್ಲಿನ್.

ಆಗ ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ತೊಮ್ಮೈ ಬಾಯಿಬಿಟ್ಟ. ನಿನ್ನ ಮಾವನ ಜೊತೆ ತೋಣಿಯಲ್ಲಿ ಕೊಲಂಬೊಗೆ ಸರಕು ಸಾಗಿಸುತ್ತಿದ್ದವನು. "ಎದುರು ತೋಣಿ ಬಂದ್ರೆ ನಾನೂ ನಿನ್ನ ಗಂಡನೂ ಊಟ ಆಯ್ತಾ ಅಂತಾನಾ ಕೂಗ್ತಿದ್ದಿದ್ದು? ಗಾಳಿ ಹೆಂಗಿದೆ ಅಂತ ತಾನೇ?"

ಅಷ್ಟೇ. ಅದೇ ಆಯಿತು. ಈಗ ಬೀದಿಯೆಲ್ಲ ಅಭ್ಯಾಸ ನಡೆದಿದೆ. ನಾಲಗೆ ತಪ್ಪಿ "ಊಟ..." ಎಂದು ಶುರುಮಾಡಿದವರ ತಲೆಗೆ ಪಕ್ಕದಲ್ಲಿದ್ದವರು ಮೊಟಕುತ್ತಾರೆ. ನಿನ್ನೆ ರೋಸ್ಲಿನ್ ಪೋಸ್ಟ್‌ಮ್ಯಾನನ್ನು ನಿಲ್ಲಿಸಿ "ಗಾಳಿ ಹೆಂಗಿದೆ?" ಎಂದಳು. ಅವನು, "ಅಮ್ಮಾ, ನಾನು ಅಂಚೆ ಇಲಾಖೆ, ಹವಾಮಾನ ಇಲಾಖೆ ಅಲ್ಲ" ಎಂದ. ಬೇಕರಿಯವನು ಅಮಲಿ ಹಾಯುವ ಹೊತ್ತಿಗೆ ಗಾಜಿನ ಪೆಟ್ಟಿಗೆಗೆ ಗೋಣಿತಟ್ಟು ಇಳಿಬಿಡುತ್ತೇನೆ ಎಂದಿದ್ದಾನೆ.

ಸೂಜಿ ಕಲಿತೆ. ಮೊದಲು ಬದನೆಕಾಯಿಗೆ, ಆಮೇಲೆ ನನ್ನ ತೊಡೆಗೇ ಬರೀ ಉಪ್ಪುನೀರು.

ಬಂದು ನೋಡು. ಮನಸ್ಸು ಒಪ್ಪದಿದ್ದರೆ ಅದೇ ಬಸ್ಸಿಗೆ ಕರೆದುಕೊಂಡು ಹೋಗು.

ಅತ್ತೆ


ಮದುರೈ, ಆಸ್ಪತ್ರೆ
ಜೂನ್ 4

ಪ್ರೀತಿಯ ಅತ್ತೆಗೆ,

ನಾಳೆ ಬೆಳಿಗ್ಗೆ ಆಪರೇಷನ್. ಇವತ್ತು ಮಾಡಲು ಏನೂ ಇಲ್ಲ. ಮಾಡಲು ಏನೂ ಇಲ್ಲದ ದಿನ ಹೇಗಿರುತ್ತದೆಂದು ಮರೆತೇಹೋಗಿತ್ತು.

ಮೊನ್ನೆ ನಿಮ್ಮ ಬೀದಿಯ ತಿರುವಿನಲ್ಲಿ ಆಟೋ ಇಳಿದಾಗ ರೋಸ್ಲಿನ್ ಅಕ್ಕ ಎದುರಾದರು. ಅಭ್ಯಾಸಬಲ, ಬಾಯಿ ತೆರೆದರು. ನಾನು ಅಮಲಿಯ ಕೈ ಬಿಗಿಹಿಡಿದೆ. ಅವರು ಬಾಯಿ ಮುಚ್ಚಿ, ಮತ್ತೆ ತೆರೆದು "ಗಾಳಿ ಹೆಂಗಿದೆ ಅಮಲಿ?" ಎಂದರು. ಈ ಹುಡುಗಿಗೆ ಯಾವ ಪ್ರಶ್ನೆಯೂ ಸುಮ್ಮನೆ ಕೇಳಿದ್ದಲ್ಲವಲ್ಲ. ನಿಂತಳು. ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದಳು. "ಆ ಕಡೆಯಿಂದ ಬರ್ತಿದೆ, ನನ್ನ ಕೂದಲು ಬಾಯೊಳಗೆ ಹೋಯ್ತು" ಎಂದಳು. ತೊಮ್ಮೈ ತಾತ "ಅದರ ಹೆಸರು ಕಚ್ಚಾನ್, ಇನ್ನು ಮೂರು ತಿಂಗಳು ಇದೇ" ಎಂದು ಅವಳಿಗೆ ಹೇಳಿಕೊಟ್ಟರು. ಮನೆ ತಲುಪುವಷ್ಟರಲ್ಲಿ ಅವಳು ಬಾಗಿಲುಬಾಗಿಲಿಗೂ ನಿಂತು ಕಚ್ಚಾನ್ ಕಚ್ಚಾನ್ ಎಂದು ವರದಿ ಒಪ್ಪಿಸಿದಳು. ಕೇಳಿದವರಿಗೆ ನಿಜವಾದ ಉತ್ತರ ಕೊಟ್ಟು, ಯಾವ ಆಸೆಯೂ ಇಲ್ಲದೆ ಮುಂದೆ ಹೋಗುವುದನ್ನು ನಾನು ಮೊದಲ ಸಲ ನೋಡಿದೆ.

ಅವಳನ್ನು ಬಿಟ್ಟು ಬರುವಾಗ ಬಸ್ಸು ಕೋವಿಲ್‌ಪಟ್ಟಿ ದಾಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ಸೂಜಿ ಎಡತೊಡೆಗೆ ಒಂದು ದಿನ, ಬಲತೊಡೆಗೆ ಒಂದು ದಿನ. ಹೊಟ್ಟೆ ಮುಟ್ಟಿ ನೋಡುವುದನ್ನು ಮರೆಯಬೇಡಿ. ಮರೆಯುವುದಿಲ್ಲ ಎಂದು ಗೊತ್ತು, ಆದರೂ ಬರೆಯುತ್ತೇನೆ.

ವಿನೋ


ತೂತುಕುಡಿ
ಜೂನ್ 20

ಮಗಳೇ,

ಆಪರೇಷನ್ ಸುಸೂತ್ರವಾಯಿತು ಎಂದು ನಿನ್ನ ಶಾಲೆಯ ಟೀಚರ್ ಫೋನ್ ಮಾಡಿ ರೋಸ್ಲಿನ್‌ಗೆ ಹೇಳಿದರು. ಎರಡು ಮೇಣದಬತ್ತಿ ಹಚ್ಚಿ ಬಂದೆ.

ಮಗು ಚೆನ್ನಾಗಿದೆ. ಇದನ್ನು ಮೊದಲು ಓದಿಕೊಂಡು ಆಮೇಲೆ ಮುಂದೆ ಓದು.

ಗುರುವಾರ ನನ್ನ ತಂಗಿ ಬಾಕ್ಯಂ ಮಣಪ್ಪಾಡಿನಿಂದ ಹೇಳದೆ ಕೇಳದೆ ಬಂದಳು. ಬೀದಿಗೆಲ್ಲ ಹೇಳಿದ್ದೆ, ಅವಳಿಗೆ ಹೇಳಿರಲಿಲ್ಲ. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಜಗಲಿಯಲ್ಲಿ ಕೂತಿದ್ದ ಅಮಲಿಯನ್ನು ಅವಳು, "ಊಟ ಆಯ್ತಾ ನನ್ನ ಬಂಗಾರ?" ಎಂದು ಕೇಳಿದ್ದಾಳೆ. ಇಲ್ಲ ಎಂದಿದೆ ಬಂಗಾರ. ತಾಳೆಬೆಲ್ಲದ ಮಿಠಾಯಿಯ ಡಬ್ಬಿ ತೆರೆದು ಮಡಿಲಲ್ಲಿಟ್ಟಿದ್ದಾಳೆ. ನಾನು ಬರುವಷ್ಟರಲ್ಲಿ ಎರಡು ಕೆನ್ನೆಯೂ ಉಬ್ಬಿದ್ದವು.

ಡಬ್ಬಿ ಕಿತ್ತುಕೊಂಡೆ. ಬಾಯೊಳಗೆ ಬೆರಳಿಟ್ಟು ಇದ್ದದ್ದನ್ನೂ ತೆಗೆದೆ. ಕಚ್ಚಿದಳು, ಗಟ್ಟಿಯಾಗಿಯೇ ಕಚ್ಚಿದಳು. ಬೀದಿಯ ಮಣ್ಣಿನಲ್ಲಿ ಬಿದ್ದು ಹೊರಳಿದಳು. ಆ ಕೂಗು ನನ್ನ ಈ ಕಿವಿಗೂ ಕೇಳಿತು ವಿನೋ.

ಬಾಕ್ಯಂ, "ಅಯ್ಯೋ ರಾಕ್ಷಸೀ, ಕೂಸಿನ ಬಾಯಿಂದ ಕಿತ್ಕೋತೀಯಲ್ಲೇ!" ಎಂದು ಎದೆ ಬಡಿದುಕೊಂಡಳು.

"ಹೂಂ, ರಾಕ್ಷಸೀನೇ. ಡಬ್ಬಿ ಮುಚ್ಚು" ಎಂದೆ.

ಬೀದಿಯ ಎಲ್ಲ ಬಾಗಿಲಲ್ಲೂ ಜನ ನಿಂತಿದ್ದರು. ಹಿಂದೆ ಆಗಿದ್ದರೆ ಒಬ್ಬರು ಬಾಳೆಹಣ್ಣು, ಒಬ್ಬರು ಬಿಸ್ಕತ್ತು ಹಿಡಿದು ಓಡಿಬರುತ್ತಿದ್ದರು. ಯಾರೂ ಕದಲಲಿಲ್ಲ. ರೋಸ್ಲಿನ್ ಒಬ್ಬಳು ಬಂದು ಮಣ್ಣಿನಲ್ಲಿ ಅವಳ ಪಕ್ಕ ಕೂತಳು, ಬರಿಗೈ ಎರಡನ್ನೂ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಒಂದು ಮಾತೂ ಆಡದೆ. ಅವಳು ಮಾತಾಡದೆ ಕೂತದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಬಹಳ ಹೊತ್ತಿನ ಮೇಲೆ ಮಗು ಹೊರಳಿ ಅವಳ ತೊಡೆಯ ಮೇಲೆ ತಲೆ ಇಟ್ಟಿತು.

ಸಿಸ್ಟರಿಗೆ ತೋರಿಸಿದೆ. ಹೊಟ್ಟೆ ಮೆತ್ತಗಿದೆ, ಏನೂ ಆಗಿಲ್ಲ ಎಂದರು.

ಈ ಕೈ ಎಷ್ಟೋ ಜನಕ್ಕೆ ಬಡಿಸಿದ ಕೈ. ಯಾರ ಬಾಯಿಂದಲೂ ತುತ್ತು ಕಿತ್ತದ್ದಲ್ಲ. ಆವತ್ತು ರಾತ್ರಿಯ ಊಟ ನನಗೆ ಇಳಿಯಲಿಲ್ಲ. ನೀನು ಇದನ್ನು ಎಷ್ಟು ವರ್ಷದಿಂದ ಮಾಡುತ್ತಿದ್ದೀಯ, ಅದೂ ಒಬ್ಬಳೇ.

ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದರೆ ನಾನು ಬೇಸರಪಡುವುದಿಲ್ಲ. ಬಿಡುತ್ತೇನೆ ಎಂದರೆ ಇಟ್ಟುಕೊಳ್ಳುತ್ತೇನೆ.

ಅತ್ತೆ


ಮದುರೈ
ಜುಲೈ 1

ಪ್ರೀತಿಯ ಅತ್ತೆಗೆ,

ಅಮಲಿ ಅಲ್ಲೇ ಇರಲಿ. ನಿಮಗೆ ಕಷ್ಟ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಅವಳ ಬಾಯಿಂದ ತೆಗೆಯಬಲ್ಲ ಕೈ ಈ ಲೋಕದಲ್ಲಿ ನನ್ನದೊಂದೇ ಎಂದುಕೊಂಡಿದ್ದೆ. ನಿಮ್ಮ ಕಾಗದ ಓದಿದ ರಾತ್ರಿ ನಾನು ಒಂದೇ ನಿದ್ದೆ ಮಾಡಿದೆ.

ಆಸ್ಪತ್ರೆಯ ಒಂದು ಸಂಗತಿ ಹೇಳಬೇಕು. ಮೊದಲ ಸಲ ಊಟ ಕೊಟ್ಟ ದಿನ ತಟ್ಟೆಯಲ್ಲಿ ಅನ್ನ, ಸಾರು, ಹುರುಳಿಕಾಯಿ ಪಲ್ಯ ಇತ್ತು. ನಾನು ಪರದೆ ಎಳೆದುಕೊಂಡು, ಗೋಡೆಗೆ ಮುಖ ಮಾಡಿ, ಗಬಗಬನೆ ತಿನ್ನುತ್ತಿದ್ದೆ. ನರ್ಸ್ ಬಂದು, "ಯಾರೂ ಕಿತ್ಕೊಳ್ಳಲ್ಲಮ್ಮ, ನಿಧಾನ ತಿನ್ನಿ" ಎಂದಳು. ಕೈ ಹಾಗೇ ನಿಂತುಹೋಯಿತು. ಮನೆಯಲ್ಲಿ ನಾನು ಉಣ್ಣುವುದು ಹೀಗೆಯೇ. ಅಮಲಿ ಸ್ನಾನಕ್ಕಿಳಿದಾಗ, ಬೀಗ ಹಾಕಿದ ಅಡುಗೆಮನೆಯೊಳಗೆ, ಪಾತ್ರೆಯಿಂದಲೇ, ಸದ್ದಾಗದಂತೆ. ಅವಳ ಮುಂದೆ ಅವಳಿಗೆ ಕೊಡದೆ ತಿನ್ನುವುದು ಹೇಗೆ? ಅವಳಿಗೆ ಅಳತೆಯ ಊಟ, ನನಗೆ ಕದ್ದ ಊಟ. ತಟ್ಟೆಯಲ್ಲಿ ಬಡಿಸಿಕೊಂಡು, ಕೂತು, ಇನ್ನೊಬ್ಬರ ಮುಖ ನೋಡುತ್ತಾ ಹೊಟ್ಟೆ ತುಂಬ ಉಂಡದ್ದು ನನಗೆ ನೆನಪಿಲ್ಲ.

ಆಗಸ್ಟಿನಲ್ಲಿ ಹಿಮಮಾತೆಯ ಹಬ್ಬಕ್ಕೆ ಬರುತ್ತೇನೆ. ಅಲ್ಲಿಯೇ ಯಾವುದಾದರೂ ಶಾಲೆಯಲ್ಲಿ ಕೆಲಸ ಸಿಗುವುದೇ ಎಂದೂ ವಿಚಾರಿಸುತ್ತಿದ್ದೇನೆ. ಆ ಮಾತು ಎದುರಿಗೆ ಆಡೋಣ.

ಕೇಳಲು ನಾಚಿಕೆಯಾಗುತ್ತದೆ, ಕಾಗದದಲ್ಲಾದ್ದರಿಂದ ಕೇಳುತ್ತೇನೆ. ಅಮಲಿ ಮನೆಯಲ್ಲಿಲ್ಲದ ಹೊತ್ತು ನೋಡಿ, ಒಂದು ದಿನ, ನನಗೆ ಬಡಿಸುತ್ತೀರಾ?

ನಿಮ್ಮ,
ವಿನೋ


ತೂತುಕುಡಿ
ಜುಲೈ 5

ನನ್ನ ಕಂದಾ,

ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ಚೂರುಚೂರು ಜೋಡಿಸಿ ಚಿತ್ರ ಮಾಡುವ ಆಟದ ಪೆಟ್ಟಿಗೆಯಿದೆ. ಅಮಲಿ ಬೆಳಿಗ್ಗೆ ಅದರ ಮುಂದೆ ಕೂತರೆ ಮಧ್ಯಾಹ್ನದವರೆಗೆ ಏಳುವುದಿಲ್ಲ. ಅವಳಷ್ಟು ಬೇಗ ಜೋಡಿಸಲು ಸಿಸ್ಟರಿಗೂ ಬರುವುದಿಲ್ಲವಂತೆ. ಆ ಹೊತ್ತು ನಮ್ಮದು.

ಅಡುಗೆ ನಮ್ಮ ಮನೆಯಲ್ಲಿ ಬೇಡ, ವಾಸನೆ ಉಳಿಯುತ್ತದೆ. ರೋಸ್ಲಿನ್ ಮನೆಯಲ್ಲಿ ಮಾಡುತ್ತೇನೆ. ಮೊದಲೇ ಹೇಳಿಬಿಟ್ಟೆ, ಒಲೆ ಅವಳದು, ಕೈ ನನ್ನದು, ಸೌಟು ಮುಟ್ಟಿದರೆ ಜಗಳ. ಮೊಟ್ಟೆ ತುಂಬಿದ ಏಡಿ ತರುತ್ತೇನೆ ಎಂದಿದ್ದಾನೆ ತೊಮ್ಮೈ. ತೆಂಗಿನ ಹಾಲಿನ ಸಾರು, ಸೀಗಡಿ ಹುರಿದದ್ದು, ಬಿಸಿ ಅನ್ನ. ಆಮೇಲೆ ಎಲೆಯ ತುದಿಗೆ ಬೇಕರಿಯವನ ಮಕರೂನು ಎರಡು.

ನೆಲಕ್ಕೆ ಚಾಪೆ ಹಾಸುತ್ತೇನೆ. ಗೋಡೆಯ ಕಡೆ ನಾನು ಕೂರುತ್ತೇನೆ. ನೀನು ನನ್ನ ಎದುರಿಗೆ. ಬೇಡ ಬೇಡ ಎಂದರೆ ನನ್ನ ಕಿವಿಗೆ ಕೇಳುವುದಿಲ್ಲ, ಅದು ನಿನಗೇ ಗೊತ್ತು.

ಬಸ್ಸಿನಲ್ಲಿ ಬಿಸ್ಕತ್ತು ಗಿಸ್ಕತ್ತು ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ಹಸಿದುಕೊಂಡು ಬಾ.

ಅತ್ತೆ